ಹನ್ನೊಂದನೇ ಕ್ಯಾಸೆಟ್ಟು

ನಾನು ಕೊಪ್ಪಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಊರಿನ ಫೋನಿದ್ದವರಿಗೆಲ್ಲ ನನ್ನ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಎಂಬತ್ತರ ದಶಕದ ಮೊದಮೊದಲ ವರ್ಷಗಳು ಅವು. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳೇ ತುಂಬಿದ ದೊಡ್ಡ ಬೋರ್ಡು, ಕೈಯಲ್ಲಿ ವೈರು. ಯಾರಾದರೂ ಫೋನು ತಿರುವಿದರೆ ಬೋರ್ಡಿನ ಮೇಲಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಅವರ ತೂತಿಗೆ ವೈರು ಚುಚ್ಚಿ ನಂಬರ್ ಕೇಳಿ ಜೋಡಿಸಿ ಸುಮ್ಮನಿರಬೇಕು ಎಂದು ತರಬೇತಿಯಲ್ಲಿ ಕಲಿಸಿದ್ದರು. ಜೋಡಿಸುವುದನ್ನು ಬೇಗ ಕಲಿತೆ. ಸುಮ್ಮನಿರುವುದನ್ನು ಕಲಿಸಲು ಯಾರಿಂದಲೂ ಆಗಲಿಲ್ಲ.

ದಿನಾ ಒಂದೇ ನಂಬರ್ ಕೇಳುವವರಿಗೆ "ಬರಕೊಂಡು ಗ್ವಾಡಿಗೆ ಹಚ್ಚಿಕೋರಿ, ಎಷ್ಟ ಸಲ ಕೇಳ್ತೀರಿ?" ಎನ್ನುತ್ತಿದ್ದೆ. ಫೋನೆತ್ತಿ ಮನೆಯವರ ಜೊತೆ ಹರಟೆ ಹೊಡೆಯುವವರಿಗೆ "ಮೊದಲು ನಿಮ್ಮ ಜಗಳಾ ಮುಗಿಸ್ರಿ, ಆಮ್ಯಾಲೆ ನನ್ನ ಕರೀರಿ" ಎನ್ನುತ್ತಿದ್ದೆ. ಸೂಪರ್‌ವೈಸರ್ ಸಾಹೇಬರ ಮೇಜಿನ ಮೇಲೆ ನನ್ನ ಹೆಸರಿನ ದೂರುಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ಸಿಟ್ಟು ನನಗೆ ಅಪ್ಪನಿಂದ ಬಂದದ್ದು. ಹೊಲ ಮನೆ ಅಣ್ಣಂದಿರ ಪಾಲಾಯಿತು, ಸಿಟ್ಟು ಪೂರ್ತಿ ನನ್ನ ಪಾಲಿಗೆ ಬಂತು.

ಆ ಅಪ್ಪ ನನ್ನ ಜೊತೆ ಮಾತು ಬಿಟ್ಟು ಆಗ ಎರಡು ವರ್ಷವಾಗಿತ್ತು. ತಳಕಲ್ಲಿನ ನಮ್ಮ ಮನೆಗೆ ಕುಷ್ಟಗಿಯ ಕಡೆಯವರು ಹೆಣ್ಣು ನೋಡಲು ಬರಲಿ ಎಂದು ಅಪ್ಪ ನನ್ನನ್ನು ಕೇಳದೆ ಮಾತು ಕೊಟ್ಟಿದ್ದ. ಅದೇ ವಾರ ನನ್ನ ತರಬೇತಿಯ ಕಾಗದ ಬಂತು. ಬಂದವರಿಗೆ ಉಪ್ಪಿಟ್ಟು ಸಿಕ್ಕಿತು, ಹೆಣ್ಣು ಸಿಗಲಿಲ್ಲ. ನಾನು ಆ ಹೊತ್ತಿಗೆ ಬಸ್ಸಿನಲ್ಲಿದ್ದೆ. ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂದು ಅಪ್ಪನಿಗೆ ಕಿಚ್ಚು ಹತ್ತಿತು. ಅದರ ಮೇಲೆ ನನ್ನದು ರಾತ್ರಿ ಪಾಳಿಯೂ ಇರುವ ನೌಕರಿ. ಅಕಿ ಕೂಡ ಮಾತಾಡಿದ್ರ ನಾ ನಮ್ಮಪ್ಪಗ ಹುಟ್ಟಿದವನಽ ಅಲ್ಲ ಎಂದು ಆಣೆ ಮಾಡಿಬಿಟ್ಟ.

ಹಾಗೆಂದು ಮನೆಗೆ ಬರಬೇಡ ಎನ್ನಲಿಲ್ಲ. ರಜೆಗೆ ಹೋದರೆ ನಾವಿಬ್ಬರೂ ಒಂದೇ ಪಡಸಾಲೆಯಲ್ಲಿ ಎದುರಾಬದುರು ಕೂತು ಉಣ್ಣುತ್ತಿದ್ದೆವು. "ಅಕಿಗೆ ಹೇಳು, ಉಳ್ಳಾಗಡ್ಡಿ ಬೇಕೇನಂತ" ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದ. "ಬ್ಯಾಡಂತ ಹೇಳವಾ" ಎಂದು ನಾನೂ ಅವ್ವನಿಗೇ ಹೇಳುತ್ತಿದ್ದೆ. ನಡುವೆ ಕೂತ ಅವ್ವ ಅತ್ತ ಇತ್ತ ತಿರುಗಿ ಕುತ್ತಿಗೆ ನೋಯಿಸಿಕೊಂಡಳು. ನಾನು ಹೊರಗೆ ನಕ್ಕರೂ ಒಳಗೆ ಆ ಎರಡು ವರ್ಷ ಭಾಳ ಸಂಕಟಪಟ್ಟೆ. ಅಪ್ಪ ಒಂದು ಸಲ ನೇರವಾಗಿ ಬೈದಿದ್ದರೂ ಸಾಕಿತ್ತು.

ಇಂಥದರಲ್ಲಿ ಒಂದು ದಿನ ಗಂಗಾವತಿಯ ಕಾಲೇಜಿನ ಲೆಕ್ಚರರೊಬ್ಬರು ನನ್ನ ಮೇಲೆ ದೂರು ಕೊಡಲು ಎಕ್ಸ್‌ಚೇಂಜಿಗೆ ಬಂದರು. ಮೈಸೂರಿನ ಕಡೆಯವರು, ಭೌತಶಾಸ್ತ್ರ ಕಲಿಸುವವರು. ಟ್ರಂಕ್ ಕಾಲ್ ತಡವಾಯಿತೆಂದು ಕೇಳಿದ್ದಕ್ಕೆ "ತಂತಿ ಮ್ಯಾಲೆ ನಾ ಕುಂತು ತಡದಿಲ್ಲರಿ" ಎಂದಿದ್ದೆನಂತೆ. ಸಾಹೇಬರು ನನ್ನನ್ನು ಕರೆಸಿದರು. ನಾನು ನಾಲ್ಕು ಮಾತಾಡುವಷ್ಟರಲ್ಲಿ ಲೆಕ್ಚರರು ದೂರಿನ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡು, "ಸಾರ್, ಈ ದನಿ ನನಗೆ ಬೇಕು" ಎಂದರು. ಸಾಹೇಬರು ಒಂದು ಗಳಿಗೆ ಬೆವತರು. "ಅವರ ತಂದೀನ್ನ ಕೇಳ್ರಿ, ನನ್ನನ್ಯಾಕ ಕೇಳ್ತೀರಿ?" ಎಂದರು.

ಲೆಕ್ಚರರಿಗೆ ಬೇಕಾಗಿದ್ದದ್ದು ನಾಟಕಕ್ಕೆ. ನಾಟಕವೆಂದರೆ ಪರದೆ, ರಂಗು, ಹಾಡು ಯಾವುದೂ ಇಲ್ಲ. ಒಂದು ಕೋಣೆ. ಕೋಣೆಯ ಗೋಡೆಗೆ ಎರಡು ಹಳೆಯ ಫೋನು. ಗೋಡೆಯ ಆಚೆ ಬಟ್ಟೆ ಕಟ್ಟಿ ಮಾಡಿದ ಎರಡು ಗೂಡು. ಒಂದರಲ್ಲಿ ಟೇಪ್ ರೆಕಾರ್ಡರು, ಅದನ್ನು ನಡೆಸಲು ಲೆಕ್ಚರರು. ಇನ್ನೊಂದರಲ್ಲಿ ನಾನು. ನೋಡಲು ಬಂದವರು ಒಬ್ಬೊಬ್ಬರಾಗಿ ಮುಂದೆ ಬಂದು ಎರಡೂ ಫೋನಿನಲ್ಲಿ ಮಾತಾಡಬೇಕು. ಯಾವುದು ಮಶೀನು, ಯಾವುದು ಮನುಷ್ಯರು ಎಂದು ಪತ್ತೆ ಹಚ್ಚಬೇಕು. ಎರಡರಲ್ಲೂ ದನಿ ನನ್ನದೇ.

"ನೋಡೋರೇ ಒಳಗೆ ಬಂದು ಆಡುವ ನಾಟಕ ಇದು. ಹೊಸ ಪ್ರಯೋಗ" ಎಂದರು ಲೆಕ್ಚರರು.

"ನಮ್ಮ ಕಡೆ ದೊಡ್ಡಾಟದಾಗ ದಿನಾ ಆಗ್ತದರಿ. ನೋಡೂ ಮಂದಿ ಎದ್ದು ಹೋಗಿ ರಾಕ್ಷಸನ ಪಾತ್ರದಾಂವನ ಕೂಡ ಜಗಳಾ ತಗೀತಾರ" ಎಂದೆ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಹಲಗೆಯ ಮೇಲೆ ಹತ್ತು ಪ್ರಶ್ನೆ ಬರೆದರು. ನಿನಗೆ ನೋವಾಗುತ್ತದೆಯೇ, ಹದಿನೇಳಕ್ಕೆ ಎಂಟು ಕೂಡಿಸಿದರೆ ಎಷ್ಟು, ನೀನು ಕನಸು ಕಾಣುತ್ತೀಯಾ, ಇಂಥವು. ಹತ್ತಕ್ಕೂ ಉತ್ತರವನ್ನು ನನ್ನಿಂದಲೇ ಓದಿಸಿ ಹತ್ತು ಕ್ಯಾಸೆಟ್ಟು ಮಾಡಿದರು. ಹಲಗೆಯಲ್ಲಿ ಇಲ್ಲದ್ದನ್ನು ಯಾರಾದರೂ ಕೇಳಿದರೆ? ಅದಕ್ಕೊಂದು ಹನ್ನೊಂದನೇ ಕ್ಯಾಸೆಟ್ಟು: "ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ." ನಾನೂ ನನ್ನ ಗೂಡಿನಲ್ಲಿ ಕೂತು ಅವೇ ಉತ್ತರಗಳನ್ನು ಅದೇ ಸಪ್ಪೆ ದನಿಯಲ್ಲಿ ಹೇಳಬೇಕು. ಕ್ಯಾಸೆಟ್ಟು ಹಾಕುವ ಖಟಕ್ ಸದ್ದಿನಿಂದ ಗುಟ್ಟು ಬಯಲಾಗಬಾರದೆಂದು ನನ್ನ ಕೈಗೂ ಒಂದು ಕೆಟ್ಟ ಟೇಪ್ ರೆಕಾರ್ಡರ್ ಕೊಟ್ಟರು. ಪ್ರತಿ ಉತ್ತರಕ್ಕೂ ಮೊದಲು ನಾನೂ ಖಟಕ್ ಎನ್ನಿಸಬೇಕು.

ಟೇಪಿನಲ್ಲಿ ನನ್ನ ದನಿಯನ್ನು ಮೊದಲ ಸಲ ಕೇಳಿದಾಗ ನಾನು ಒಪ್ಪಲೇ ಇಲ್ಲ. ಇಷ್ಟು ಕೀರಲು ಯಾರದು? ಲೆಕ್ಚರರು ನಕ್ಕು, "ನಿಮ್ಮದೇ. ಕೊಪ್ಪಳದವರು ದಿನಾ ಕೇಳುವುದು ಇದನ್ನೇ" ಎಂದರು. ಪಾಪ ಕೊಪ್ಪಳದವರು ಎನಿಸಿತು.

ಫೋನುಗಳು ಬೋಳಾಗಿ ಕಾಣುತ್ತವೆಂದು ಕಿನ್ನಾಳದ ಚಿತ್ರಗಾರರಿಂದ ಎರಡು ಕಟ್ಟಿಗೆಯ ಮುಖ ಮಾಡಿಸಿ ಒಂದೊಂದು ಫೋನಿನ ಮೇಲೆ ಒಂದೊಂದು ತೂಗುಹಾಕಿದೆವು. ಎರಡೂ ತದ್ವತ್ ಇರಬೇಕೆಂದು ಲೆಕ್ಚರರು ಬೇಡಿಕೊಂಡಿದ್ದರು. ಚಿತ್ರಗಾರ ಅಜ್ಜ, "ಕಣ್ಣು ಬರಿಯೂದು ಕೈ ಅಲ್ಲರಿ, ಉಸಿರು. ಎರಡು ಸಲ ಒಂದಽ ಉಸಿರು ಬರ್ತದೇನು?" ಎಂದು ಕೇಳಿ, ತನಗೆ ತೋಚಿದಂತೆ ಬರೆದುಕೊಟ್ಟ. ಮುಂದೆ ಕುಷ್ಟಗಿಯ ಆಟದಲ್ಲಿ ಹೆಂಗಸರು ಬಂದವರೇ ಎರಡಕ್ಕೂ ಕುಂಕುಮ ಹಚ್ಚಿ ಕೈಮುಗಿದು, ಆಮೇಲೆ ಫೋನೆತ್ತಿದರು.

ಭಾನುವಾರಗಳಂದು ಆಟ. ಮೊದಲನೆಯದು ಗಂಗಾವತಿಯ ಅಕ್ಕಿ ಗಿರಣಿಯ ಖಾಲಿ ಗೋದಾಮಿನಲ್ಲಿ. ಜನ ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ಬಂದರು. ಹಲಗೆಯ ಕಡೆ ಒಬ್ಬರೂ ನೋಡಲಿಲ್ಲ. ಮೊದಲನೆಯ ಮುದುಕ ಫೋನೆತ್ತಿ ದನ ಕರೆಯುವ ದನಿಯಲ್ಲಿ, "ಯಾವೂರವಾ? ಯಾರ ಪೈಕಿ ನೀನು?" ಎಂದ. ಖಟಕ್. ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ. "ಅಯ್ಯ, ಯಾರ ಪೈಕಿ ಅಂದ್ರ ತಿಳಿಯೂದಿಲ್ಲೇನು? ನಿಮ್ಮ ತವರುಮನಿ ಯಾವುದು?" ಖಟಕ್. ಅರ್ಥವಾಗಲಿಲ್ಲ. ಎರಡನೆಯವರು ಮದುವೆ ಆಗಿದೆಯೇ ಎಂದರು. ಮೂರನೆಯವರು ಮನೆಯಲ್ಲಿ ಎಷ್ಟು ಮಂದಿ ಎಂದರು. ಆಂಧ್ರದ ರೈತರ ಕ್ಯಾಂಪಿನಿಂದ ಬಂದ ತೆಲುಗಿನ ಅಮ್ಮ ಏನೋ ಕೇಳಿ ನನ್ನಿಂದ ಉತ್ತರ ಸಿಗದೆ, ಪಾಪ ಕಿವುಡಿ ಎಂದು ಕನಿಕರಿಸಿ ಹೋದಳು. ಕನಸಿನ ಬಗ್ಗೆ, ನೋವಿನ ಬಗ್ಗೆ ಮಾಡಿದ ಹತ್ತು ಕ್ಯಾಸೆಟ್ಟುಗಳು ಸುಮ್ಮನೆ ಕೂತವು. ಹನ್ನೊಂದನೆಯದು ಒಂದೇ ದಿನಕ್ಕೆ ಬಿಸಿಯಾಯಿತು.

ಪತ್ತೆ ಹಚ್ಚಿದವರು, ಫೋನಿಗೊಂದರಂತೆ ಬಾಗಿಲಲ್ಲಿಟ್ಟ ಎರಡು ಗಡಿಗೆಗಳ ಪೈಕಿ, ಮನುಷ್ಯಳಿದ್ದಾಳೆ ಎನಿಸಿದ ಫೋನಿನ ಗಡಿಗೆಗೆ ಒಂದು ಶೇಂಗಾ ಹಾಕಬೇಕಿತ್ತು. ಆಟ ಮುಗಿದಾಗ ಎರಡೂ ಗಡಿಗೆಯಲ್ಲಿ ಬರೀ ಸಿಪ್ಪೆ. ಎರಡನೆಯ ಆಟ ಕುಷ್ಟಗಿಯಲ್ಲಿ, ಅಲ್ಲಿಂದ ಶೇಂಗಾ ಬಿಟ್ಟು ಹುಣಸೆಬೀಜ ಮಾಡಿದೆವು.

ಅಷ್ಟೊತ್ತಿಗೆ ಜನ ಉಪಾಯ ಕಂಡುಹಿಡಿದಿದ್ದರು. ಕೇಳಿದ್ದನ್ನೇ ಕೇಳುತ್ತ ಹೋದರೆ ಒಂದು ಫೋನು ಎಷ್ಟು ಸಲವಾದರೂ ಅರ್ಥವಾಗಲಿಲ್ಲ ಎನ್ನುತ್ತದೆ. ಇನ್ನೊಂದು ನಾಲ್ಕನೇ ಸಲಕ್ಕೆ "ನಿಮಗೇನು ಬ್ಯಾರೆ ಕೆಲಸ ಇಲ್ಲೇನ್ರಿ?" ಎನ್ನುತ್ತದೆ. ಅದೇ ಮನುಷ್ಯಳು! ಸುದ್ದಿ ಬಸ್ಸಿಗಿಂತ ಮೊದಲು ಊರು ಮುಟ್ಟಿತು. ಕುಷ್ಟಗಿಯಲ್ಲಿ ನನ್ನನ್ನು ಸಿಟ್ಟಿಗೆಬ್ಬಿಸಲೆಂದೇ ಜನ ಸಾಲು ನಿಂತರು. ಒಬ್ಬ ಮಾವಶಿ ಫೋನಿನಲ್ಲಿ ನನ್ನ ಅಡುಗೆಗೆ ಉಪ್ಪಿಲ್ಲ ಎಂದಳು. ಅಕಿ ನನ್ನ ಅಡುಗೆ ಯಾವಾಗ ಉಂಡಿದ್ದಳೋ! ನಾನು ಎರಡನೇ ಸಲಕ್ಕೇ ತಿರುಗಿಬಿದ್ದೆ. ಕೋಣೆಯ ತುಂಬ ಚಪ್ಪಾಳೆ. ಲೆಕ್ಚರರು ತಲೆಗೆ ಕೈ ಹಚ್ಚಿಕೊಂಡು, "ಸ್ವಲ್ಪ ಯಂತ್ರದ ಹಾಗಿರಿ ಮೇಡಂ" ಎಂದು ಬೇಡಿಕೊಂಡರು. ಅಷ್ಟು ನಕ್ಕದ್ದು, ಅಷ್ಟು ಖುಷಿಪಟ್ಟದ್ದು ನನ್ನ ಆಯುಷ್ಯದಲ್ಲಿ ಕಡಿಮೆ. ದಿನವಿಡೀ ನನ್ನನ್ನು ಬೋರ್ಡಿನ ಒಂದು ತುಣುಕೆಂದು ತಿಳಿದಿದ್ದ ಜನ, ನೀನು ಯಾರು, ಯಾರ ಪೈಕಿ ಎಂದು ಸರತಿಯಲ್ಲಿ ನಿಂತು ಕೇಳುತ್ತಿದ್ದರು.

ಮೂರನೆಯ ಆಟ ಯಲಬುರ್ಗಾದ ಸಾಲಿಯಲ್ಲಿ, ಬೇಸಿಗೆ ರಜೆಯೊಳಗೆ. ತಳಕಲ್ಲಿನಿಂದ ಒಂದು ಟ್ರ್ಯಾಕ್ಟರ್ ತುಂಬ ಮಂದಿ ಬಂದರು. ಬೆಳಗ್ಗೆ ಅವ್ವ ನನ್ನ ಗೂಡಿನೊಳಗೆ ಇಣುಕಿ, "ನಿಮ್ಮಪ್ಪನೂ ಬಂದಾನ. ಎತ್ತಿನ ಹಗ್ಗ ತರಾಕ ಬಂದೀನಿ ಅಂತಾನ. ಹಗ್ಗದ ಅಂಗಡಿ ಆ ಕಡೆ ಐತಿ, ಈಂವ ಸಾಲಿ ಮುಂದ ಎರಡು ಸುತ್ತು ಹೊಡದ" ಎಂದಳು. ಅಪ್ಪ ಒಳಗೆ ಬರುತ್ತಾನೋ ಇಲ್ಲವೋ? ಬಂದರೆ ನನ್ನ ಫೋನು ಎತ್ತುತ್ತಾನೋ ಇಲ್ಲವೋ? ಎತ್ತಿದರೆ ನಾನು ಅರ್ಥವಾಗಲಿಲ್ಲ ಎನ್ನಬೇಕೋ, ಅಪ್ಪಾ ಎನ್ನಬೇಕೋ? ಲೆಕ್ಚರರ ನಿಯಮದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಆಟ ಅರ್ಧವಾದಾಗ ಕೋಣೆಯಲ್ಲಿ ಅಪ್ಪನ ಕೆಮ್ಮು ಕೇಳಿತು. ಬಾಗಿಲು ಕಾಯುತ್ತಿದ್ದ ಸಾಲಿ ಮಾಸ್ತರರು ಹಲಗೆ ಓದಿ ಹೇಳಿದರು: "ಕಾಕಾ, ಹದಿನೇಳಕ್ಕ ಎಂಟು ಕೂಡಿಸಿದ್ರ ಎಷ್ಟು ಅಂತ ಕೇಳ್ರಿ."

"ಅದು ನನಗೂ ಬರ್ತೈತಿ. ಬರೂದನ್ಯಾಕ ಕೇಳ್ಲಿ?" ಎಂದ ಅಪ್ಪ.

ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಕಾದೆ. ಅದರಲ್ಲಿ ಬರೀ ಗಾಳಿ. ಆಮೇಲೆ ತಿಳಿಯಿತು, ಅಪ್ಪ ಎತ್ತಿದ್ದು ಒಂದನೇ ಫೋನು. ಟೇಪಿನದು. ಗೋಡೆಯ ಆಚೆ ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಪಿಸಪಿಸ ಹೇಳುತ್ತಿದ್ದುದು ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ನನ್ನ ದನಿ ಹೊತ್ತ ಆ ಡಬ್ಬಿಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಅದನ್ನು ಎತ್ತಿ ಕುಕ್ಕಬೇಕೆನಿಸಿತು.

ಅಪ್ಪ ಹೇಳಿದ್ದನ್ನು ಪಕ್ಕದ ಗೂಡಿನಲ್ಲಿ ಟೇಪಿನ ಮುಂದೆ ಕೂತಿದ್ದ ಲೆಕ್ಚರರು ಪೂರ್ತಿ ಕೇಳಿಸಿಕೊಂಡರು. ಅವರು ಆಮೇಲೆ ನನಗೆ ಹೇಳಿದ್ದನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಅಪ್ಪ ಹೇಳಿದ್ದು ಇಷ್ಟು:

"ನೋಡು, ನೀ ಮಶೀನ್ ಇರು, ಅಕೀನಽ ಇರು, ನಾ ಅಕಿ ಕೂಡ ಮಾತಾಡಾಕತ್ತಿಲ್ಲ. ನಿನ್ನ ಕೂಡ ಮಾತಾಡಾಕತ್ತೀನಿ. ನನ್ನ ಆಣಿ ಮುರೀಲಿಲ್ಲ. ನಮ್ಮ ಮಗಳಿಗೆ ಒಂದು ಮಾತು ಹೇಳು. ಅಕೀನ್ನ ಕೇಳದ ಆ ಮಂದಿಗೆ ಮಾತು ಕೊಟ್ಟಿದ್ದು ನಂದಽ ತಪ್ಪು. ಹ್ವಾದ ವರ್ಷ ಶೇಂಗಾ ಮಾರಾಕ ಹೋಗಿ ಕೊಪ್ಪಳದಾಗ ಅಡತಿ ಅಂಗಡಿಯೊಳಗ ಕುಂತಾಗ ಅಕಿ ದನಿ ಕೇಳೂನು ಅಂತ ಫೋನ್ ಎತ್ತಿದ್ದೆ. ಬಾಯಿ ಬರಲಿಲ್ಲ. ಬಾಯಾಗ ಏನು ಕಡಬು ಇಟಗೊಂಡೀರೇನ್ರಿ ಅಂತ ಬೈದ್ಲು. ಛಲೋ ಬೈದ್ಲು. ನೌಕರಿ ಛಲೋ ಮಾಡಾಕತ್ತಾಳ. ನನಗ ಅಕಿ ಮ್ಯಾಲೆ ಸಿಟ್ಟಿಲ್ಲ ಅಂತ ಹೇಳು."

ಹಾಗೆ ಬೈದದ್ದು ಯಾವ ದಿನವೆಂದು ನಾನು ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಬೈಸಿಕೊಂಡವರು ಅಷ್ಟು ಜನ!

ಇದನ್ನು ಕೇಳಿದ ಲೆಕ್ಚರರು ಎದ್ದು ಬಂದು ನನ್ನನ್ನು ಕರೆಯಬೇಡವೇ? ಆ ಮನುಷ್ಯ ನಿಯಮದ ಮನುಷ್ಯ. ಹತ್ತು ಕ್ಯಾಸೆಟ್ಟುಗಳ ಮೇಲೆ ಕೈಯಾಡಿಸಿದರು, ಒಂದೂ ಹೊಂದಲಿಲ್ಲ. ಖಟಕ್.

"ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ" ಎಂದಿತು ನನ್ನ ದನಿ.

ಅಪ್ಪ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದ. ಈ ಸಲ ದನಿ ಸ್ವಲ್ಪ ಮೇಲೆ, ಮಾತು ಅರ್ಧ. ಮಾತು ಕೊಟ್ಟಿದ್ದು ತಪ್ಪು, ಸಿಟ್ಟಿಲ್ಲ, ಇಷ್ಟೇ. ಲೆಕ್ಚರರು ಗಾಬರಿಯಲ್ಲಿ ಮತ್ತೆ ಅದೇ ಗುಂಡಿ ಒತ್ತಿದರು. ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ.

ಅಲ್ಲಿಗೆ ಅಪ್ಪನ ಪಿತ್ತ ನೆತ್ತಿಗೇರಿತು. ಸಾಲಿಯ ಹಂಚು ಹಾರುವಂತೆ ಒದರಿದ:

"ಸಿಟ್ಟಿಲ್ಲ ಅಂತ ಹೇಳು ಅಕಿಗೆ! ಎಷ್ಟ ಸಲ ಹೇಳ್ಲಿ? ಸಿಟ್ಟಿಲ್ಲ ನನಗ! ಸಿಟ್ಟಿಲ್ಲಾ!"

ನನಗೆ ಕಣ್ಣು ತುಂಬಿ ಬಂತು, ಅದರ ಬೆನ್ನಿಗೇ ನಗುವೂ ಬಂತು. ಎರಡು ವರ್ಷ ಅವ್ವನ ಕಿವಿಗೂ ಹೇಳದ ಮಾತನ್ನು ಆ ಡಬ್ಬಿ ಮೂರು ಸಲ ಹೇಳಿಸಿತ್ತು, ಅದೂ ಯಲಬುರ್ಗಾಕ್ಕೆಲ್ಲ ಕೇಳುವಂತೆ. ನಿಯಮ ಗಿಯಮ ಒಂದೂ ನೆನಪಾಗಲಿಲ್ಲ. ರಿಸೀವರ್ ಬಿಸಾಕಿ, ಬಟ್ಟೆ ಸರಿಸಿ ಹೊರಗೆ ಬಂದು ನಾನೂ ಅಷ್ಟೇ ಜೋರಾಗಿ ಒದರಿದೆ.

"ಕೇಳ್ತಪ್ಪಾ, ಕೇಳ್ತು! ಸಿಟ್ಟಿಲ್ಲ ಅನ್ನಾಕ ಇಷ್ಟ ಒದರಬೇಕೇನು?"

ಆಗ ನಕ್ಕರು ನೋಡಿ ಜನ. ಮಾಸ್ತರರು ಹಲಗೆ ಹಿಡಿದುಕೊಂಡೇ ಕೆಳಗೆ ಕೂತುಬಿಟ್ಟರು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳಿಗೇ ಗೊತ್ತು. ಲೆಕ್ಚರರು ತಮ್ಮ ಗೂಡಿನಿಂದ ಹೊರಗೆ ಬಂದು ಕನ್ನಡಕ ತೆಗೆದು ಒರೆಸಿಕೊಂಡರು.

ಅಪ್ಪ ಒಬ್ಬನೇ ನಗಲಿಲ್ಲ. ರಿಸೀವರನ್ನು ಜತನದಿಂದ ಕೊಕ್ಕೆಗೆ ಹಾಕಿದ. ಬಾಗಿಲಿಗೆ ಹೋಗಿ ಹುಣಸೆಬೀಜವನ್ನು ಒಂದನೇ ಗಡಿಗೆಗೆ ಹಾಕಿದ.

"ಕಾಕಾ, ಅದು ಮಶೀನ್‌ದ್ದರಿ" ಎಂದರು ಮಾಸ್ತರರು. "ನಿಮ್ಮ ಮಗಳು ಎರಡನೇದರಾಗ ಇದ್ಲು. ಈಗಽ ಹೊರಗ ಬಂದ್ಲಲ್ಲ, ನೋಡಲಿಲ್ಲೇನು?"

"ನೋಡೀನಿ. ಆದ್ರೂ ಅದಽ ನನ್ನ ಮಗಳು" ಎಂದ ಅಪ್ಪ. "ಮೂರು ಸಲ ಹೇಳಿದ್ರೂ ಕೇಳಲಿಲ್ಲ."

ಮತ್ತೆ ನಗೆ. ಲೆಕ್ಚರರು ಡೈರಿ ತೆಗೆದರು, ಬರೆಯದೆ ಮುಚ್ಚಿದರು. ಎದ್ದು ಬಂದು ನನ್ನನ್ನು ಕರೆಯಲಿಲ್ಲವೆಂದು ಅವರನ್ನು ಮುಂದೆ ಎಷ್ಟೋ ವರ್ಷ ಬೈದಿದ್ದೇನೆ. ಅವರು ಕರೆದಿದ್ದರೆ ಅಪ್ಪ ಆ ಮಾತನ್ನು ಪಿಸುದನಿಯಲ್ಲೇ ಮುಗಿಸಿ ಹಗ್ಗದ ಅಂಗಡಿಗೆ ಹೋಗಿಬಿಡುತ್ತಿದ್ದನೆಂದು ನನಗೂ ಗೊತ್ತು. ಆದರೂ ಬೈದೆ.

ಮಂದಿಯೆಲ್ಲ ಹೊರಗೆ ಹೋದರು. ಅವ್ವ ಬೇಕೆಂದೇ ನೀರು ಕುಡಿಯುವ ನೆಪ ಮಾಡಿ ಸಾಲಿಯ ಹಿಂದಕ್ಕೆ ನಡೆದಳು. ಅಪ್ಪ ಸುತ್ತಲೂ ನೋಡಿದ. ನಡುವೆ ಹೇಳಿಕಳಿಸಲು ಒಬ್ಬರೂ ಇರಲಿಲ್ಲ. ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ ನನ್ನ ಮುಖ ನೋಡಿ ಕೇಳಿದ:

"ನಾಳೆ ಎಷ್ಟಕ್ಕ ಐತಿ ನಿನ್ನ ಡ್ಯೂಟಿ?"

"ಮುಂಜಾನಿ ಆರಕ್ಕಪ್ಪಾ."

"ಮತ್ತ ಇಲ್ಲಿ ಏನ್ ಮಾಡಾಕತ್ತಿ? ಬಸ್ ಹೋದ್ರ ನಡಕೊಂತ ಹೋಗ್ತಿಯೇನು?" ಎಂದು ಬೈದು ನನ್ನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ.

ಬೈದದ್ದು ಅಷ್ಟು ಹಿತವೆನಿಸಿದ್ದು ಅದೇ ಮೊದಲು. ಅಪ್ಪ ಮುಂದೆ, ನಾನು ಹಿಂದೆ, ಬಸ್ ಸ್ಟ್ಯಾಂಡಿನ ತನಕ ಬಿಸಿಲಲ್ಲಿ ನಡೆದೆವು. ಕೊಪ್ಪಳದ ಬಸ್ಸು ನಿಂತಿತ್ತು, ಬಾಗಿಲ ತನಕ ಜನ. ಅಪ್ಪ ಚೀಲವನ್ನು ಎದೆಗೆ ಅವುಚಿಕೊಂಡು ಎಲ್ಲರನ್ನೂ ದೂಡಿ ಒಳಗೆ ನುಗ್ಗಿದ. ಬಸ್ಸಿನೊಳಗಿನ ಅಷ್ಟೂ ಜನ ತಿರುಗಿ ನೋಡುವ ಹಾಗೆ ಕಂಡಕ್ಟರನಿಗೆ ಕೂಗಿ ಹೇಳಿದ:

"ಏ ತಮ್ಮಾ, ಈಕಿ ನನ್ನ ಮಗಳು. ಟೆಲಿಫೋನ್ ಆಫೀಸಿನ್ಯಾಗ ನೌಕರಿ ಮಾಡ್ತಾಳ. ನಾಳೆ ಡ್ಯೂಟಿ ಐತಿ. ಕುಂದ್ರಾಕ ಜಾಗಾ ಕೊಡ್ರಿ."